ಅತ್ತೆಯ ಮೊಳ, ನನ್ನ ಹಣೆ

ನರಗುಂದದ ಗಂಡನ ಮನೆಯನ್ನು ನಾನು ಮೊದಲು ಮುಟ್ಟಿದ್ದು ಕಾಲಿನಿಂದಲ್ಲ, ಹಣೆಯಿಂದ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಅದನ್ನು ಬಲಗಾಲಿನಿಂದ ಉರುಳಿಸಿ, ಚೆನ್ನಾಗಿ ಉರುಳಿತಲ್ಲ ಎಂಬ ಸಂತೋಷದಲ್ಲಿ ತಲೆ ಎತ್ತಿದೆ. ಬಾಗಿಲ ಚೌಕಟ್ಟಿನ ಮೇಲ್ಪಟ್ಟಿ ಸಿದ್ಧವಾಗಿಯೇ ಇತ್ತು. ಠಪ್ಪೆಂದ ಸದ್ದಿಗೆ ಬ್ಯಾಂಡಿನವರೂ ಒಂದು ಗಳಿಗೆ ನಿಲ್ಲಿಸಿದರು. ಬಾಸಿಂಗ ಓರೆಯಾಯಿತು, ಕಣ್ಣಲ್ಲಿ ನೀರು ಬಂತು. ತವರು ನೆನಪಾಯಿತೆಂದು ನೆರೆದ ಹೆಂಗಸರು ಕನಿಕರಪಟ್ಟರು. ಒಳಗಿದ್ದ ಅತ್ತೆ ಮಾತ್ರ ಆದದ್ದನ್ನು ಸರಿಯಾಗಿ ನೋಡಿದ್ದರು.

"ಬಗ್ಗಿ ಬಾರವಾ," ಎಂದರು. "ಈ ಮನಿಗೆ ಎಲ್ಲಾರೂ ಬಗ್ಗೇ ಬಂದಾರ."

ಹೀಗೆ ಹೇಳುವ ಅತ್ತೆ ತಾವು ಬಗ್ಗಿ ಬಂದವರಲ್ಲ. ಅವರ ಎತ್ತರ ಐದು ಅಡಿಗೆ ಮೂರು ಇಂಚು ಕಮ್ಮಿ, ಬಾಗಿಲು ಸರಿಯಾಗಿ ಐದು ಅಡಿ. ನಾನೋ ಐದು ಅಡಿ ಒಂಬತ್ತು ಇಂಚು. ಅಸೂಟಿಯ ನನ್ನ ತವರಿನಲ್ಲಿ ಅಟ್ಟದ ಮೇಲಿನ ಡಬ್ಬಿ ಇಳಿಸುವುದಕ್ಕೆ ಏಣಿ ತರುತ್ತಿರಲಿಲ್ಲ, ನನ್ನನ್ನು ಕರೆಯುತ್ತಿದ್ದರು. ನೋಡಲು ಬಂದ ಗಂಡುಗಳೆಲ್ಲ ನಾನು ಎದ್ದು ನಿಂತ ಕೂಡಲೇ ಅವಲಕ್ಕಿ ಮುಗಿಸುವ ಅವಸರ ಮಾಡುತ್ತಿದ್ದರು. ನನ್ನ ಗಂಡ ಮಾತ್ರ ಎರಡನೆಯ ಸಲ ಅವಲಕ್ಕಿ ಹಾಕಿಸಿಕೊಂಡರು. ಅದಕ್ಕೇ ಒಪ್ಪಿದೆ. ಆದರೆ ಗಂಡನನ್ನು ಒಪ್ಪಿದವಳು ಅವರ ಮನೆಯ ಬಾಗಿಲನ್ನೂ ಒಂದು ಸಲ ನೋಡಿಕೊಳ್ಳಬೇಕಾಗಿತ್ತು.

ಆಮೇಲಿನ ವರ್ಷಗಳಲ್ಲಿ ಆ ಮೇಲ್ಪಟ್ಟಿ ನನ್ನನ್ನು ಎಷ್ಟು ಸಲ ಬಡಿಯಿತೋ ಲೆಕ್ಕ ಇಟ್ಟಿಲ್ಲ. ಬಸ್ಸಿಗೆ ಓಡುವಾಗ ಒಂದು, ಮಳೆ ಬಂತೆಂದು ಹಪ್ಪಳ ಎತ್ತಿಕೊಂಡು ಒಳಗೆ ನುಗ್ಗುವಾಗ ಒಂದು. ಹಣೆಯ ಮಧ್ಯದಲ್ಲಿ ಒಂದು ಗಂಟು ಖಾಯಂ ಆಗಿ ನೆಲೆಸಿತು. ಕುಂಕುಮವನ್ನು ಅದರ ಮೇಲೆ ಇಟ್ಟುಕೊಳ್ಳಬೇಕೋ ಕೆಳಗೋ ಎಂಬುದು ದಿನಾ ಬೆಳಿಗ್ಗೆ ನನ್ನ ಮೊದಲ ಯೋಚನೆ. ಆ ಮನೆಯಲ್ಲಿ ನನಗೆ ಬೇಕಾಗಿದ್ದದ್ದು ಚಿನ್ನವಲ್ಲ, ಸೀರೆಯಲ್ಲ. ನೆಟ್ಟಗೆ ನಿಂತು ದಾಟಬಹುದಾದ ಒಂದು ಬಾಗಿಲು, ಅಷ್ಟೇ.

ಇದರಲ್ಲಿನ ತಮಾಷೆ ಎಂದರೆ ಬಾಗಿಲು ಬರೆಯುವುದೇ ನನ್ನ ಕೆಲಸ. ಸಿವಿಲ್ ಡಿಪ್ಲೊಮಾ ಮಾಡಿದ್ದೆ. ರೋಣದ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಎಂಜಿನಿಯರ್ ಸಾಹೇಬರ ಆಫೀಸಿನಲ್ಲಿ ಮನೆಗಳ ನಕ್ಷೆ ತೆಗೆಯುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಸಾಹೇಬರು ಡ್ರಾಯಿಂಗ್ ಬೋರ್ಡನ್ನು ಅಟ್ಟಕ್ಕೆ ಹಾಕಿ ಕಂಪ್ಯೂಟರ್ ತಂದಿದ್ದರು. ಅದರ ಹಿಂಭಾಗ ಎಷ್ಟು ಉದ್ದವಿತ್ತೆಂದರೆ ಅದಕ್ಕಾಗಿ ಗೋಡೆಯ ಕಪಾಟಿನ ಬೆನ್ನನ್ನೇ ಒಡೆಸಬೇಕಾಯಿತು. ಕರೆಂಟು ಹೋದಾಗ ಕೆಳಗಿನ ಯುಪಿಎಸ್ ಡಬ್ಬಿ ಕೊಯ್ಯೆಂದು ಕೂಗುತ್ತಿತ್ತು, ನಾವು ಮಾಡಿದ್ದನ್ನೆಲ್ಲ ಲಗುಬಗೆಯಿಂದ ಉಳಿಸಿಕೊಳ್ಳುತ್ತಿದ್ದೆವು.

ಆ ನಕ್ಷೆಯ ಸಾಫ್ಟ್‌ವೇರಿನಲ್ಲಿ ನನಗೆ ಅತಿ ಪ್ರೀತಿಯದು ಸ್ಕೇಲ್ ಎಂಬ ಆದೇಶ. ಬರೆದದ್ದನ್ನು ಆರಿಸಿಕೊಂಡು, ಒಂದು ಮೂಲೆ ಹಿಡಿದು, ಎರಡು ಎಂದರೆ ಅದು ಎರಡರಷ್ಟಾಗುತ್ತದೆ. ಅರ್ಧ ಎಂದರೆ ಅರ್ಧ. ಲೆಕ್ಕ ಬರದವರಿಗೆ ಇನ್ನೂ ಒಂದು ಉಪಾಯ ಉಂಟು: ಈ ಗೆರೆ ಈಗ ಇಷ್ಟಿದೆ, ಇನ್ನು ಮುಂದೆ ಇಷ್ಟಾಗಬೇಕು ಎಂದು ತೋರಿಸಿಬಿಟ್ಟರೆ ಸಾಕು. ಉಳಿದದ್ದೆಲ್ಲ ಆ ಗೆರೆಯ ಹಿಂದೆ ತಾನಾಗಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಮನೆ, ಮೆಟ್ಟಿಲು, ಮೋರಿ, ಮಂಚ ಯಾವುದೂ ತಕರಾರು ಮಾಡುವುದಿಲ್ಲ. ಮನುಷ್ಯರ ನಡುವೆ ಬದುಕಿದವಳಿಗೆ ಇದು ದೊಡ್ಡ ಸಮಾಧಾನ.

ಒಂದು ಮಳೆಗಾಲದಲ್ಲಿ ಹಳೆಯ ಮನೆಯ ಹಿಂದಿನ ಮಣ್ಣಿನ ಗೋಡೆ ಹೊಟ್ಟೆ ಮುಂದೆ ಮಾಡಿತು. ಪಕ್ಕದ ಖಾಲಿ ಜಾಗದಲ್ಲಿ ಹೊಸ ಮನೆ ಕಟ್ಟಿಸುವುದೆಂದು ಮಾವ ತೀರ್ಮಾನಿಸಿದರು. ಮಾವ ಕಡಲೆ ವ್ಯಾಪಾರ ಮಾಡಿ ದಣಿದು ಕಟ್ಟೆಯ ಮೇಲೆ ಕುಳಿತವರು. ಗಂಡನದು ಮೋಟಾರು ವೈಂಡಿಂಗ್ ಅಂಗಡಿ. ತಾಮ್ರದ ತಂತಿಯ ಹೊರತು ಜಗತ್ತಿನಲ್ಲಿ ಯಾವುದಕ್ಕೂ ಅವರು ಸಿಕ್ಕಿಹಾಕಿಕೊಳ್ಳುವವರಲ್ಲ. "ನಕ್ಷಾ ನೀನ ತಗಿ, ಮನ್ಯಾಗ ಡ್ರಾಯಿಂಗಿನಾಕಿ ಇದ್ದಮ್ಯಾಲೆ ಹೊರಗ ಯಾಕ ಹೋಗೂದು," ಎಂದುಬಿಟ್ಟರು ಗಂಡ.

ಬೇರೆಯವರು ದೇವರ ಮನೆಯಿಂದ ನಕ್ಷೆ ಶುರು ಮಾಡುತ್ತಾರೆ. ನಾನು ಮುಂಬಾಗಿಲಿನಿಂದ ಶುರು ಮಾಡಿದೆ. ಏಳು ಅಡಿ ಎತ್ತರ ಬರೆದು, ಊಟದ ಡಬ್ಬಿ ತೆಗೆಯದೆ ಅದನ್ನೇ ನೋಡುತ್ತ ಕುಳಿತೆ.

ಆ ಸುಖ ಗಜೇಂದ್ರಗಡದ ಅಜ್ಜ ಬರುವವರೆಗೆ ಮಾತ್ರ. ಆ ಅಜ್ಜ ಆಯ ನೋಡುವವರು. ನಮ್ಮ ಕಡೆ ಆಯ ನೋಡದೆ ಮನೆ ಕಟ್ಟುವುದಿಲ್ಲ. ಮನೆಯ ಉದ್ದಗಲವನ್ನು ಅಡಿಯಲ್ಲಿ ಅಳೆದರೆ ಅದಕ್ಕೆ ಬೆಲೆಯಿಲ್ಲ; ಯಜಮಾನನ ಅಥವಾ ಯಜಮಾನಿಯ ಮೊಳದಲ್ಲಿ, ಎಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಅಳತೆಯಲ್ಲಿ ಅಳೆಯಬೇಕು. ಆ ಸಂಖ್ಯೆಗಳನ್ನು ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದು ನೋಡಿ, ಮನೆಗೆ ಎತ್ತಿನ ಆಯ ಬಂತೋ ಕತ್ತೆಯ ಆಯ ಬಂತೋ ಹೇಳುತ್ತಾರೆ. ಅಜ್ಜ ಬೆರಳಿನ ಗೆಣ್ಣು ಎಣಿಸಿದರು, ಕಣ್ಣು ಮುಚ್ಚಿದರು, ಚಹಾ ಕುಡಿದರು, ತೀರ್ಪು ಕೊಟ್ಟರು. ಉದ್ದ ಇಪ್ಪತ್ತೊಂದು ಮೊಳ, ಅಗಲ ಹದಿನೇಳು, ಎತ್ತಿನ ಆಯ, ಬಹಳ ಚಲೋ. ಮುಂಬಾಗಿಲು ನಾಲ್ಕು ಮೊಳ ಎತ್ತರ.

"ಐದು ಮಾಡಾಕ ಬರೂದಿಲ್ಲೇನ್ರಿ ಅಜ್ಜಾರ?" ಎಂದೆ.

"ಐದು ಮಾಡಿದ್ರ ಕತ್ತಿ ಬರತೈತಿ ತಂಗಿ. ಬಾಗಲದಾಗ ಕತ್ತಿ ನಿಂದ್ರಸ್ತಿಯೇನು?"

ಕತ್ತೆಯಾದರೂ ನೆಟ್ಟಗೆ ಒಳಗೆ ಬರುತ್ತಿತ್ತು ಎಂದು ಬಾಯಿಯವರೆಗೆ ಬಂದದ್ದನ್ನು ನುಂಗಿದೆ. ಹಾಗಾದರೆ ನಾಲ್ಕು ಮೊಳ; ಆದರೆ ಯಾರ ಮೊಳ? ನನ್ನ ಹಣೆಯ ಭವಿಷ್ಯವೆಲ್ಲ ಈಗ ಬೇರೆಯವರ ಕೈಯ ಉದ್ದದ ಮೇಲೆ ನಿಂತಿತು.

ಅಜ್ಜ ಮೊದಲು ಮಾವನ ಕೈ ಹಿಡಿದು, ಬಿದಿರಿನ ಸೀಳೊಂದನ್ನು ಮೊಣಕೈಗೆ ಒತ್ತಿ ಅಳೆಯತೊಡಗಿದರು. ಅಲ್ಲಿಯೇ ಮೊದಲ ಪೇಚು. ಮಾವನ ನಡುಬೆರಳಿನ ತುದಿಯ ಒಂದು ಇಂಚು ಹಿಂದೆಂದೋ ಕಾಳು ಒಕ್ಕುವ ರಾಶಿ ಮಷೀನಿಗೆ ಹೋಗಿತ್ತು. ಇಲ್ಲದ ತುದಿಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ? ಹಿಡಿದರೆ ಮೊಳ ಹದಿನೆಂಟು ಇಂಚು, ಬಾಗಿಲು ಆರು ಅಡಿ. ಬಿಟ್ಟರೆ ಹದಿನೇಳು ಇಂಚು, ಬಾಗಿಲು ಐದು ಅಡಿ ಎಂಟು ಇಂಚು. ಎಂದರೆ ನನಗಿಂತ ಒಂದೇ ಒಂದು ಇಂಚು ಗಿಡ್ಡ!

ನಾನು ಬೆರಳಿನ ಪರವಾಗಿ ವಾದಕ್ಕೆ ನಿಂತೆ. ಹುಟ್ಟುವಾಗ ಇತ್ತಲ್ಲ, ದೇವರು ಕೊಟ್ಟಾಗ ಪೂರ್ತಿಯೇ ಕೊಟ್ಟಿದ್ದನಲ್ಲ ಎಂದೆ. ಅಜ್ಜ ಬಹಳ ಹೊತ್ತು ಆ ಮೊಂಡು ಬೆರಳನ್ನು ನೋಡಿದರು.

"ಇಲ್ಲದ್ದರ ಮ್ಯಾಲೆ ಮನಿ ಕಟ್ಟಾಕ ಬರೂದಿಲ್ಲವಾ," ಎಂದುಬಿಟ್ಟರು.

ಅಜ್ಜ ಎದ್ದು ಹೋದ ಮೇಲೆ ನಾನು ಮಾವನ ಹತ್ತಿರ ಕುಳಿತು, "ಮಾವಾ, ಆ ತುದಿ ಎಲ್ಲಿ ಬಿತ್ರಿ?" ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಸಿಕ್ಕರೆ ತಂದು ಅಂಟಿಸುವವಳ ಹಾಗೆ ಕೇಳಿದೆ.

"ಯಾವಗಲ್ ಕಣದಾಗ," ಎಂದರು ಮಾವ, ಎಲೆಗೆ ಸುಣ್ಣ ಸವರುತ್ತ. "ಕಡ್ಲಿ ಜೋಡಿ ಹೋತು. ಚೀಲಾ ತುಂಬಿ ಮಾರಿಬಿಟ್ವಿ. ಯಾರ ಮನ್ಯಾಗ ಹಿಟ್ಟಿನ ಝುಣಕಾ ಆತೋ ಏನೋ."

ಸರಿ, ಮೊದಲಿನ ನಕ್ಷೆ ಅಳಿಸಿ ಎಲ್ಲವನ್ನೂ ಮಾವನ ಮೊಳದಲ್ಲಿ ಬರೆದೆ. ಒಂದು ಇಂಚಿಗೆ ಏನು ಮಹಾ, ಹೊಸ್ತಿಲು ಸ್ವಲ್ಪ ಕೆತ್ತಿಸಿದರಾಯಿತು ಎಂದು ಒಳಗೊಳಗೇ ಸಂಚು ಮಾಡುತ್ತಿದ್ದೆ. ಅಷ್ಟರಲ್ಲಿ ಜಕ್ಕಲಿಯಿಂದ ನಾದಿನಿ ಬಂದಳು. ತವರಿಗೆ ಬಂದರೆ ಅವಳು ಚಪ್ಪಲಿ ಬಿಡುವ ಮೊದಲೇ ಒಂದು ಮಾತು ಆಡುತ್ತಾಳೆ, ಆ ಮಾತು ತಿಂಗಳುಗಟ್ಟಲೆ ಮನೆಯಲ್ಲಿ ಉಳಿಯುತ್ತದೆ.

"ಅಂಗ ಊನಾದ ಕೈಲೆ ಮನಿ ಅಳೀತಾರೇನು? ಮನಿ ಅಂದ್ರ ಯಜಮಾನಿದು. ಅವ್ವನ ಕೈ ಹಚ್ಚ್ರಿ."

ಅತ್ತೆಯ ಮೊಳ ಹದಿನೈದು ಇಂಚು. ನಾಲ್ಕು ಮೊಳ ಎಂದರೆ ಮತ್ತೆ ಅದೇ ಐದು ಅಡಿ! ಹಳೆಯ ಬಾಗಿಲು ಅಷ್ಟು ಗಿಡ್ಡ ಯಾಕೆ ಎಂಬುದು ಆಗ ನನಗೆ ಹೊಳೆಯಿತು. ಅದು ಅತ್ತೆಯ ಅತ್ತೆಯ ಕೈ. ಅವರೂ ಗಿಡ್ಡವೇ ಇದ್ದರಂತೆ. ನಾನು ಕಾಣದ ಒಬ್ಬ ಮುದುಕಿಯ ಮೊಣಕೈ ಇಷ್ಟು ವರ್ಷ ನನ್ನ ಹಣೆಗೆ ಬಡಿಯುತ್ತಿತ್ತು.

ಮರುದಿನ ಆಫೀಸಿನಲ್ಲಿ ಸಿಟ್ಟಿನಿಂದಲೇ ಇಡೀ ಮನೆಯನ್ನು ಆರಿಸಿಕೊಂಡೆ. ಇದು ಈಗ ಹದಿನೇಳು ಇಂಚು, ಇನ್ನು ಮುಂದೆ ಹದಿನೈದು ಎಂದು ತೋರಿಸಿದೆ. ಮನೆ ಒಂದು ಸಲ ಮಿಟುಕಿ ಕುಗ್ಗಿತು. ಅದರ ಜೊತೆ ಕುಗ್ಗಬಾರದ್ದೂ ಕುಗ್ಗಿತು. ಮಂಚ ಕುಗ್ಗಿ ಗಂಡನ ಪಾದ ಹೊರಗೆ ಬರುವಷ್ಟಾಯಿತು. ಕಕ್ಕಸಿನ ಕುಳಿ ಶಿಶುವಿಹಾರಕ್ಕೆ ಸರಿಯಾಯಿತು. ಅತ್ತೆಯ ಹಟಕ್ಕೆ ಹಿತ್ತಲಲ್ಲಿ ಬರೆದಿದ್ದ ಎಮ್ಮೆ, ಇದ್ದದ್ದಕ್ಕಿಂತ ಕಮ್ಮಿ ಹಾಲು ಕೊಡುವಂತೆ ಕಾಣುತ್ತಿತ್ತು. ಗೋಡೆಗಳ ದಪ್ಪವೂ ಕಮ್ಮಿಯಾಯಿತು. ಅದರ ಪ್ರಿಂಟನ್ನು ಗೌಂಡಿ ಚಾಚಾ ತಿರುತಿರುಗಿಸಿ ನೋಡಿದರು. ಅವರು ನಮ್ಮ ಓಣಿಯ ಅರ್ಧ ಮನೆಗಳನ್ನು ಕಟ್ಟಿದವರು.

"ತಂಗಿ," ಎಂದರು ಕೊನೆಗೆ, "ಇಟ್ಟಂಗಿ ಭಟ್ಟಿಯವಗೂ ನಿಮ್ಮ ಅತ್ತಿ ಕೈ ಕಳಿಸಿಕೊಡ್ರಿ. ಇಟ್ಟಂಗಿ ಈ ಅಳತಿಗೆ ಬರಬೇಕಲ್ಲ."

ಗೋಡೆಯನ್ನೂ ಮಂಚವನ್ನೂ ಸರಿಮಾಡಬಹುದಿತ್ತು, ಮಾಡಿದೆ. ಬಾಗಿಲನ್ನು ಮಾತ್ರ ಮಾಡುವಂತಿರಲಿಲ್ಲ. ಗಂಡನ ಮುಂದೆ ಕಣ್ಣೀರು ಹಾಕಿದೆ. ಅವರ ಮೊಳ ಹದಿನೇಳೂವರೆ, ಅದನ್ನು ಹಚ್ಚಿದರೆ ನಾನು ಕೂದಲೆಳೆಯಲ್ಲಿ ಪಾರಾಗುತ್ತಿದ್ದೆ. "ಅಪ್ಪ ಇರೂತನಕ ನಾ ಹ್ಯಾಂಗ ಯಜಮಾನ ಆಗಲಿ?" ಎಂದರು. ಅಷ್ಟು ಹೇಳಿ ಅವರು ತಂತಿ ಸುತ್ತಲು ಹೋದರು.

ಕೊನೆಗೆ ಅತ್ತೆಯನ್ನೇ ರೋಣಕ್ಕೆ ಕರೆದುಕೊಂಡು ಹೋಗಿ ಪರದೆಯ ಮುಂದೆ ಕೂರಿಸಿದೆ. ಕಣ್ಣಾರೆ ಕಂಡರೆ ಮನಸ್ಸು ತಿರುಗೀತೆಂಬ ಆಸೆ. ಸಾಹೇಬರು ತಮ್ಮ ಮೆತ್ತನೆಯ ಕುರ್ಚಿ ಬಿಟ್ಟುಕೊಟ್ಟರು. ಅತ್ತೆಯ ಕಾಲು ನೆಲಕ್ಕೆ ಮುಟ್ಟಲಿಲ್ಲ. ಮೊದಲು ಮಾವನ ಮೊಳದ ಮನೆ ತೋರಿಸಿದೆ. ಆಮೇಲೆ ಸ್ಕೇಲ್ ಮಾಡಿ, ಪರದೆಗೆ ತುಂಬ ತಂದು, ಅವರ ಮೊಳದ ಮನೆ ತೋರಿಸಿದೆ.

"ಹ್ಯಾಂಗಿತ್ತೋ ಹಾಂಗ ಐತಿ," ಎಂದರು ಅತ್ತೆ.

ಅವರು ಹೇಳಿದ್ದು ಖರೆಯೇ. ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ, ಪರದೆಯ ಮೇಲೆ ಏನೂ ಆಗಿರುವುದಿಲ್ಲ. ಅದೇ ಮನೆ, ಅದೇ ಬಾಗಿಲು, ಅದೇ ಎಮ್ಮೆ. ಬದಲಾಗುವುದು ಪಕ್ಕದ ಸಂಖ್ಯೆಗಳು ಮಾತ್ರ. ಇನ್ನೊಂದು ಸಲ ಮಾಡಿದೆ, ಮತ್ತೊಂದು ಸಲ ಮಾಡಿದೆ. ಅತ್ತೆ ಎಡಕ್ಕೂ ಬಲಕ್ಕೂ ವಾಲಿ ನೋಡಿ, ಇಷ್ಟಕ್ಕೆ ನಿನಗೆ ಪಗಾರ ಕೊಡುತ್ತಾರೋ ಎಂಬಂತೆ ಸಾಹೇಬರ ಕಡೆಗೆ ನೋಡಿದರು.

ಆಗ ನನಗೊಂದು ಬುದ್ಧಿ ಬಂತು. ಮನೆಯ ಮುಂಭಾಗದ ಚಿತ್ರ ತೆರೆದು, ಬಾಗಿಲಲ್ಲಿ ಒಂದು ಹೆಂಗಸಿನ ಆಕೃತಿ ನಿಲ್ಲಿಸಿದೆ. ಮರ, ಕಾರುಗಳ ಜೊತೆಗೆ ನಮ್ಮಲ್ಲಿ ಅಂಥ ಮನುಷ್ಯರ ಆಕೃತಿಗಳೂ ಇರುತ್ತಿದ್ದವು. "ಇವರು ನೀವು," ಎಂದು ಅವಳನ್ನು ಅತ್ತೆಯ ಎತ್ತರಕ್ಕೆ ಇಳಿಸಿದೆ. ಬಾಗಿಲಿಗೆ ಸರಿಯಾಗಿ ಹೊಂದಿದಳು, ತಲೆಯ ಮೇಲೆ ಮೂರು ಇಂಚು ಗಾಳಿ ಆಡುತ್ತಿತ್ತು. ಅತ್ತೆಗೆ ಖುಷಿಯಾಯಿತು, ಸೆರಗು ಸರಿಮಾಡಿಕೊಂಡರು. "ಇನ್ನ ಇಕಿ ನಾನು," ಎಂದು ಇನ್ನೊಬ್ಬಳನ್ನು ನನ್ನ ಎತ್ತರಕ್ಕೆ ಏರಿಸಿ ನಿಲ್ಲಿಸಿದೆ. ಅವಳ ಬಾಯಿಯಿಂದ ಮೇಲಿನದೆಲ್ಲ ಗೋಡೆಯೊಳಗೆ ಹೋಯಿತು. ಇಟ್ಟಿಗೆಯ ಗೆರೆಗಳು ಅವಳ ಕಣ್ಣಿನ ಮೇಲೆ ಹಾದುಹೋದವು.

ಅತ್ತೆ ಪರದೆಗೆ ಬಗ್ಗಿ ನೋಡಿದರು. ಗೆದ್ದೆ ಎಂದುಕೊಂಡೆ. ಆಗ ಅವರು ಬೆರಳು ಚಾಚಿ ಪರದೆಯ ಮೇಲೆ ನನ್ನನ್ನು ಮುಟ್ಟಿದರು.

"ಎಲ್ಲಾದನ್ನೂ ಸಣ್ಣದು ದೊಡ್ಡದು ಮಾಡತೇನಿ ಅಂತಿ. ಅಕಿನ್ನ ಸಣ್ಣಾಕಿನ್ನ ಮಾಡಾಕ ಬರೂದಿಲ್ಲೇನು?"

ಬರುತ್ತದೆ. ಅದೇ ತೊಂದರೆ. ಸಾಹೇಬರೂ ಕುತೂಹಲದಿಂದ ಬಂದು ಹಿಂದೆ ನಿಂತಿದ್ದರು. ನಾನು ನನ್ನನ್ನೇ ಆರಿಸಿಕೊಂಡೆ, ನನ್ನ ಕಾಲ ಬುಡ ಹಿಡಿದೆ, ಬಾಗಿಲಿಗೆ ಹೊಂದುವ ಒಂದು ಸಂಖ್ಯೆ ಒತ್ತಿದೆ. ತಲೆ ಗೋಡೆಯಿಂದ ಸರ್ರನೆ ಇಳಿದು ಬಾಗಿಲೊಳಗೆ ಬಂತು. ಈಗ ಅಲ್ಲಿ ಇಬ್ಬರು ಗಿಡ್ಡ ಹೆಂಗಸರು ಪಕ್ಕಪಕ್ಕ ನಿಂತಿದ್ದರು, ಅಕ್ಕತಂಗಿಯರ ಹಾಗೆ. ಅತ್ತೆ ಚಪ್ಪಾಳೆ ತಟ್ಟಿ ನಕ್ಕರು.

ನನಗೆ ಅಳು ಬಂತು. ಸಾಹೇಬರ ಮುಂದೆ ಅಳಬಾರದೆಂದು ಹಲ್ಲು ಕಚ್ಚಿದೆ, ಆದರೂ ಬಂತು. "ಅತ್ತೀ," ಎಂದೆ, "ನಾ ಕಂಪ್ಯೂಟರದಾಗಿನಾಕಿ ಅಲ್ಲರೀ. ನನಗ ಬಡೀತೈತಿ."

ಅತ್ತೆಯ ನಗೆ ಅಲ್ಲೇ ನಿಂತಿತು. ಅವರು ಮೊದಲ ಸಲ, ಪರದೆಯ ಕಡೆಗಲ್ಲ, ನನ್ನ ಹಣೆಯ ಕಡೆಗೆ ನೋಡಿದರು. ಕುರ್ಚಿಯಿಂದ ಜಾರಿ ಇಳಿದು, "ನಡಿ, ಬಸ್ಸಿಗೆ ಹೊತ್ತಾಕ್ಕೈತಿ," ಎಂದರು.

ಬಸ್ಸು ಯಾವಗಲ್ ದಾಟಿದ ಮೇಲೆ ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು:

"ನನ್ನ ತಲಿ ಬಡೀತಿರಲಿಲ್ಲ, ಖರೆ. ಕೊಡ ಬಡೀತಿತ್ತು. ತಲಿಮ್ಯಾಲೆ ನೀರಿನ ಕೊಡ ಹೊತ್ತು ಬಂದ್ರ ಅರ್ಧ ನೀರು ಹೊಸ್ತಲಕ್ಕ ಬೀಳತಿತ್ತು. ಒಳಗಿಂದ ನಮ್ಮತ್ತಿದೂ ಅದ ಮಾತು, ಬಗ್ಗಿ ಬಾ. ಕೊಡ ಹೊತ್ತಾಕಿ ಹ್ಯಾಂಗ ಬಗ್ಗಬೇಕು?"

ಹೀಗೆಂದು ನನ್ನ ಬಲಗೈ ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಹೆಬ್ಬೆರಳು ಕಿರುಬೆರಳು ಅಗಲಿಸಿ, ಮೊಣಕೈಯಿಂದ ಗೇಣು ಹಾಕುತ್ತ ಹೋದರು. ಅವರ ಎರಡು ಗೇಣು ಮುಗಿದರೂ ನನ್ನ ಬೆರಳು ಇನ್ನೂ ಮುಂದೆ ಉಳಿದಿತ್ತು. ಕಂಡಕ್ಟರ್ ಬಂದು ನಿಂತ, ಏನೋ ರೋಗದ ಪರೀಕ್ಷೆ ಎಂದುಕೊಂಡನೋ ಏನೋ, ಚೀಟಿ ಕೇಳದೆ ಮುಂದೆ ಹೋದ.

"ಈ ಕೈ ಹಚ್ಚು," ಎಂದರು ಅತ್ತೆ.

ನನ್ನ ಮೊಳ ಹದಿನೆಂಟೂವರೆ ಇಂಚು. ಆ ಮನೆಯಲ್ಲಿ ಅದಕ್ಕಿಂತ ಉದ್ದದ ಕೈ ಇನ್ನೊಂದಿರಲಿಲ್ಲ. ನಾಲ್ಕು ಮೊಳಕ್ಕೆ ಬಾಗಿಲು ಆರು ಅಡಿ ಎರಡು ಇಂಚು. ಆದರೆ ಸೊಸೆಯ ಕೈಯಲ್ಲಿ ಮನೆ ಅಳೆಯುವುದೆಂದರೆ ಸೊಸೆ ಯಜಮಾನಿ ಎಂದು ಊರ ಮುಂದೆ ಒಪ್ಪಿದಂತೆ. ಸುದ್ದಿ ಜಕ್ಕಲಿಗೆ ಮುಟ್ಟಿದ ದಿನವೇ ನಾದಿನಿ ಓಡಿಬಂದಳು. ಅವ್ವ ಗಟ್ಟಿಮುಟ್ಟಾಗಿ ಇರುವಾಗಲೇ ಇದೇನು ಎಂದು ರಂಪ ಮಾಡಿದಳು. ಅತ್ತೆ ಶೇಂಗಾ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ.

"ನನ್ನ ಖೋಲಿ ನನ್ನ ಕೈಲೆ ಇರಲಿ. ಉಳದದ್ದು ಅಕಿ ಕೈಲೆ ಇರಲಿ," ಎಂದರು. ಅಲ್ಲಿಗೆ ಮಾತು ಮುಗಿಯಿತು.

ಇನ್ನು ಅದನ್ನು ನಕ್ಷೆಯಲ್ಲಿ ಮಾಡಬೇಕಲ್ಲ. ನಡುಮನೆಗೆ ಹತ್ತಿದ ಅತ್ತೆಯ ಕೋಣೆಯ ಒಂದು ಪ್ರತಿಯನ್ನು ಪಕ್ಕಕ್ಕೆ ತೆಗೆದಿಟ್ಟು, ಇಡೀ ಮನೆಯನ್ನು ಹದಿನೈದರಿಂದ ಹದಿನೆಂಟೂವರೆ ಇಂಚಿಗೆ ಹಿಗ್ಗಿಸಿದೆ. ಮನೆ ಉಬ್ಬಿತು. ಎಮ್ಮೆ ಆನೆಯಾಯಿತು. ಪಕ್ಕಕ್ಕಿಟ್ಟ ಹಳೆಯ ಅಳತೆಯ ಕೋಣೆಯನ್ನು ತಂದು, ಈಗ ದೊಡ್ಡದಾಗಿರುವ ಕೋಣೆಯ ನಟ್ಟನಡುವೆ ಇಟ್ಟೆ. ದೊಡ್ಡ ಡಬ್ಬಿಯಲ್ಲಿ ಸಣ್ಣ ಡಬ್ಬಿ ಇಟ್ಟ ಹಾಗೆ ಕಾಣಿಸಿತು, ಎರಡರ ನಡುವೆ ಸುತ್ತಲೂ ಒಂದು ಗೇಣಿನಷ್ಟು ಸಂದು. ಹೊರಗಿನ ಗೋಡೆಗಳನ್ನು ಅಳಿಸಿ ಒಳಗಿನವನ್ನು ಜೋಡಿಸುವುದು ಬಾಕಿ ಇತ್ತು. ಅಷ್ಟರಲ್ಲಿ ಯುಪಿಎಸ್ ಕೂಗಿತು. ಅತ್ತೆಗೆ ಅವರ ಕೋಣೆ ಎಲ್ಲಿ ಬರುತ್ತದೆಂದು ತೋರಿಸಲು ಇದ್ದಂತೆಯೇ ಒಂದು ಪ್ರಿಂಟು ತೆಗೆದುಕೊಂಡು ಮನೆಗೆ ಬಂದೆ. ಮರುದಿನ ಅದನ್ನು ಅತ್ತೆಯ ಹತ್ತಿರವೇ ಬಿಟ್ಟು, ತಂಗಿಯ ಹೆರಿಗೆಗೆಂದು ಅಸೂಟಿಗೆ ಹೋದೆ.

ತಂಗಿಯ ಮಗು ಲಗೂನೆ ಬರುವ ಮನಸ್ಸು ಮಾಡಲಿಲ್ಲ. ನಾನು ವಾಪಸು ಬರುವ ಹೊತ್ತಿಗೆ ಗೋಡೆಗಳು ಹೆಗಲೆತ್ತರ ಎದ್ದಿದ್ದವು. ನಡುಮನೆಯ ಪಕ್ಕದಲ್ಲಿ ಕೋಣೆಯೊಳಗೊಂದು ಕೋಣೆ, ನಡುವೆ ಒಂದು ಗೇಣು ಸಂದು, ಗೆರೆಗೆ ಗೆರೆ ಪ್ರಿಂಟಿನಲ್ಲಿ ಇದ್ದಂತೆ!

"ಚಾಚಾ, ಇದೇನ್ರಿ ಇದು?" ಎಂದು ಕಿರುಚಿದೆ.

"ನಿಮ್ಮ ನಕ್ಷಾದಾಗ ಹಾಂಗ ಐತೆಲ್ಲ ತಂಗಿ," ಎಂದರು ಚಾಚಾ, ಕರಣೆ ಕೆಳಗಿಡದೆ. "ನನಗೂ ವಿಚಿತ್ರ ಕಂಡಿತು. ನಿಮ್ಮ ಅತ್ತಿಗೆ ಕೇಳಿದೆ. ಆಯದಾಗ ಹಾಂಗ ಬಂದೈತಿ ಅಂದ್ರು."

ಅತ್ತೆ ಹಾಗೆ ಹೇಳಿದ್ದು ಹೌದು. ಒಂದೇ ಮನೆಯಲ್ಲಿ ಎರಡು ಮೊಳ ಕೂಡಿದರೆ ನಡುವೆ ಸ್ವಲ್ಪ ಜಾಗ ಬಿಡಬೇಕಾಗುತ್ತದೇನೋ ಎಂದು ಅವರು ಊಹಿಸಿದ್ದರು. ನಡುವೆ ಬಾಗಿಲ ಪೂಜೆಗೆ ಗಜೇಂದ್ರಗಡದ ಅಜ್ಜ ಬಂದಿದ್ದರಂತೆ. ಅವರಾದರೂ ಬೇಡ ಎನ್ನಬಹುದಿತ್ತು. ಅವರು ಸಂದಿನಲ್ಲಿ ಕೈ ಹಾಕಿ ನೋಡಿ, "ಕಂಪ್ಯೂಟರದಾಗ ಲೆಕ್ಕ ಭಾಳ ಸೂಕ್ಷ್ಮ ಇರತಾವ, ನಮಗ ತಿಳಿಯೂದಿಲ್ಲ," ಎಂದು ಆ ಸಂದಿಗೂ ನಾಲ್ಕು ಅಕ್ಷತೆ ಹಾಕಿ ಹೋಗಿದ್ದರು. ಒಡೆಸೋಣವೆಂದರೆ ಅತ್ತೆ ಅಡ್ಡ ನಿಂತರು. ಅಕ್ಷತೆ ಬಿದ್ದ ಗೋಡೆಯನ್ನು ಒಡೆಯಬಾರದಂತೆ.

ಹಾಗೇ ಉಳಿಯಿತು. ಅತ್ತೆಯ ಕೋಣೆಗೆ ಇಂದಿಗೂ ಎರಡು ಬಾಗಿಲು. ಮೊದಲನೆಯದರಲ್ಲಿ ನಾನು ನೆಟ್ಟಗೆ ಹೋಗುತ್ತೇನೆ, ಒಂದು ಗೇಣು ದಾಟಿ ಎರಡನೆಯದರಲ್ಲಿ ಬಗ್ಗುತ್ತೇನೆ. ಆ ಸಂದಿನಲ್ಲಿ ಅತ್ತೆಯ ಅಡಕತ್ತರಿ ಇದೆ, ಮಕ್ಕಳ ಚೆಂಡುಗಳಿವೆ, ಒಂದು ಲಟ್ಟಣಿಗೆ ಹೇಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಓಣಿಯ ಬೆಕ್ಕು ಹೆರಿಗೆಗೆ ಅಲ್ಲಿಗೇ ಬರುತ್ತದೆ. ಆದರೆ ನರಗುಂದದ ಬೇಸಿಗೆಯಲ್ಲಿ, ಡಾಂಬರು ಚಪ್ಪಲಿಗೆ ಅಂಟುವ ಮಧ್ಯಾಹ್ನಗಳಲ್ಲಿ, ಇಡೀ ಮನೆ ಕಾದ ಹಂಚಾದರೂ ಅತ್ತೆಯ ಕೋಣೆ ತಣ್ಣಗಿರುತ್ತದೆ. ಎರಡು ಗೋಡೆಗಳ ನಡುವಿನ ಗಾಳಿ ಬಿಸಿಲನ್ನು ತಡೆಯುತ್ತದೆ ಎಂದು ನಾನು ಎಲ್ಲರಿಗೂ ಹೇಳಿದೆ. ಯಾರೂ ನಂಬಲಿಲ್ಲ. ಅದು ಆಯದ ಮಹಿಮೆ ಎಂದು ಊರು ಒಪ್ಪಿಕೊಂಡುಬಿಟ್ಟಿತ್ತು. ರೋಣದ ಆಫೀಸಿಗೂ ಜನ ಬರತೊಡಗಿದರು, "ಮೇಡಮ್ಮಾರ, ಅತ್ತಿ ಗೇಣು ಒಂದು ಬಿಡ್ರಿ ನಮಗೂ" ಎನ್ನುತ್ತ. ಮೊದಮೊದಲು ತಿಳಿಸಿ ಹೇಳಲು ಹೋಗಿ ಬಾಯಿ ನೋಯಿಸಿಕೊಂಡೆ. ಆಮೇಲೆ ಗೇಣು ಬಿಡತೊಡಗಿದೆ.

ಅದೆಲ್ಲ ಆಮೇಲಿನ ಮಾತು; ಮೊದಲು, ಗೋಡೆ ಮುಗಿದು ಮನೆ ಒಕ್ಕಲಾಗುವ ದಿನ ಬಂತು. ಅಸೂಟಿಯಿಂದ ನನ್ನವರು ಬಂದರು, ಜಕ್ಕಲಿಯ ನಾದಿನಿ ಮುಖ ಸಣ್ಣದು ಮಾಡಿಕೊಂಡೇ ಬಂದಳು, ಚಾಚಾ ಹೊಸ ಅಂಗಿ ತೊಟ್ಟು ಬಂದು ತಾವು ಕಟ್ಟಿದ ಗೋಡೆಗೆ ಒರಗಿ ನಿಂತರು. ಮಾವ ದೇವರ ಫೋಟೊ ಹಿಡಿದು ಮೊದಲು ಒಳಗೆ ಹೋದರು. ಅವರ ಹಿಂದೆ ತುಂಬಿದ ಕೊಡ ಹಿಡಿದು ಯಜಮಾನಿ ಹೋಗಬೇಕು. ಅತ್ತೆ ಕೊಡವನ್ನು ನನ್ನ ಕೈಗೆ ಕೊಟ್ಟು ತಾವು ಮೊದಲೇ ಒಳಗೆ ಹೋಗಿ ನಿಂತರು.

ನಾಲ್ಕು ಮೊಳದ ಬಾಗಿಲು, ನನ್ನ ನಾಲ್ಕು ಮೊಳ. ಮಾವಿನ ತೋರಣ ಕಟ್ಟಿದ ಮೇಲೂ ತಲೆಯ ಮೇಲೆ ಜಾಗವಿತ್ತು. ಎಷ್ಟು ವರ್ಷದ ಹಂಬಲ ಅದು! ಬಲಗಾಲು ಎತ್ತಿ ಹೊಸ್ತಿಲು ದಾಟಿದೆ, ಬೆನ್ನು ಪೂರ್ತಿ ಬಗ್ಗಿಸಿ.

ಜನ ಗೊಳ್ಳೆಂದು ನಕ್ಕರು. ಗಂಡ ನಕ್ಕರು, ಚಾಚಾ ಗೋಡೆ ಬಿಟ್ಟು ಹೊಟ್ಟೆ ಹಿಡಿದುಕೊಂಡರು, ನಾದಿನಿಯ ಮುಖ ಅರಳಿತು. ನನಗೆ ನಗಲೂ ಆಗಲಿಲ್ಲ, ತಲೆ ಎತ್ತಲೂ ಆಗಲಿಲ್ಲ. ಕೊಡದ ನೀರು ಅರ್ಧ ಹೊಸ್ತಿಲಿಗೆ ಚೆಲ್ಲಿತ್ತು. ಅತ್ತೆ ಮಾತ್ರ ನಗಲಿಲ್ಲ.

"ಹೊಳ್ಳಿ ಹೋಗವಾ," ಎಂದರು. "ನೆಟ್ಟಗ ಬಾ."

ಹೊರಗೆ ಹೋಗಿ ಮತ್ತೆ ಬಂದೆ. ಏನು ಹೇಳಲಿ, ಮತ್ತೆ ಕತ್ತು ತಾನಾಗಿ ತಗ್ಗಿತು. ಬಾಗಿಲು ದೊಡ್ಡದಾಗಿತ್ತು, ನಾನು ಮಾತ್ರ ಪರದೆಯ ಮೇಲಿನ ಆ ಗಿಡ್ಡಿಯಾಗಿಯೇ ಉಳಿದಿದ್ದೆ. ಈ ಸಲ ಯಾರೂ ನಗಲಿಲ್ಲ.

ಅತ್ತೆ ನೀರು ತುಳಿಯುತ್ತ ಹೊಸ್ತಿಲು ದಾಟಿ ಹೊರಗೆ ಬಂದರು. ಕೊಡವನ್ನು ನನ್ನ ಸೊಂಟಕ್ಕೆ ಸರಿಸಿದರು. ಆಮೇಲೆ ತಮ್ಮ ಬಲಗೈಯನ್ನು ನನ್ನ ಗದ್ದದ ಕೆಳಗೆ ಒತ್ತಿಹಿಡಿದು, ತಲೆ ಎತ್ತಿಸಿಕೊಂಡೇ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಅವರ ಹದಿನೈದು ಇಂಚಿನ ಕೈ ಅಷ್ಟು ಮೇಲಕ್ಕೆ ಎಟುಕುತ್ತಿರಲಿಲ್ಲ, ಹೊಸ್ತಿಲು ದಾಟುವವರೆಗೂ ಅವರು ತುದಿಗಾಲಿನ ಮೇಲೆಯೇ ನಡೆದರು.